ಗಂಟು ಬಿಚ್ಚುವ ಮೊದಲು

3 ಮಾರ್ಚ್ 1986

ಪ್ರೀತಿಯ ಗಿಡ್ಡನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಹೋದ ಪತ್ರದಲ್ಲಿ ಎಂಟು ಸಾಲಿತ್ತು. ಅದರಲ್ಲಿ ನಾಲ್ಕು ಮಣ್ಣಿನ ವಿಷಯ. ಗುಡ್ಡ ಕಡಿದು ರಸ್ತೆ ಮಾಡುವವನಿಗೆ ಮಣ್ಣಿನ ಮೇಲೆ ಪ್ರೀತಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹತ್ತು ದಿನಕ್ಕೊಮ್ಮೆ ಜೀಪು ಬಂದು ಟಪಾಲು ಒಯ್ಯುವ ಜಾಗದಲ್ಲಿ ಕೂತು ಎಂಟೇ ಸಾಲು ಬರೆಯುತ್ತೀಯಲ್ಲ, ಉಳಿದ ಹೊತ್ತೆಲ್ಲ ಏನು ಮಾಡುತ್ತೀ ಮಹರಾಯ?

ಇಲ್ಲಿ ಎಲ್ಲ ಕ್ಷೇಮ. ಆಸ್ಪತ್ರೆಯಲ್ಲಿ ನಾವು ಬಟ್ಟೆ ಹೊಲಿಯುವ ಕೋಣೆಗೆ ಕೊನೆಗೂ ಒಂದು ಕಿಟಕಿ ಇಟ್ಟಿದ್ದಾರೆ. ಮೂವತ್ತೊಂದು ವರ್ಷ ಗೋಡೆ ನೋಡಿಕೊಂಡು ಹಾಸಿಗೆಯ ಬಟ್ಟೆಗಳಿಗೆ ತೇಪೆ ಹಾಕಿದೆ. ಈಗ ಆಂಬ್ಯುಲೆನ್ಸ್ ನಿಲ್ಲುವ ಅಂಗಳ ಕಾಣುತ್ತದೆ. ಗೋಡೆಯೇ ವಾಸಿಯಿತ್ತು ಎನಿಸುತ್ತದೆ. ಡಾಕ್ಟರುಗಳ ಕೋಟಿನ ಜೇಬು ಯಾಕೆ ಅಷ್ಟು ಬೇಗ ಹರಿಯುತ್ತದೆ ಎಂಬುದು ಮಾತ್ರ ನನಗೆ ಇನ್ನೂ ತಿಳಿದಿಲ್ಲ. ಒಳಗೆ ಕಲ್ಲು ತುಂಬಿಕೊಂಡು ಓಡಾಡುತ್ತಾರೋ ಏನೋ.

ಯಾಕೋ ಈಚೆಗೆ ನಮ್ಮ ಬಾಡಿಗೆ ಮನೆಗಳೆಲ್ಲ ನೆನಪಾಗುತ್ತಿವೆ. ಅಪ್ಪ ಹೋದ ಮೇಲೆ ಒಂಬತ್ತು ಮನೆ ಬದಲಾಯಿಸಿದೆವಲ್ಲ. ಹೊಸ ಮನೆಗೆ ಕಾಲಿಟ್ಟಾಗ ಅಮ್ಮ ಗಂಟು ಬಿಚ್ಚಲು ಬಿಡುತ್ತಲೇ ಇರಲಿಲ್ಲ. ಗಂಟುಗಳ ಮೇಲೇ ಮೂವರೂ ಕೂರಬೇಕು. ಬಿಟ್ಟುಬಂದ ಮನೆಯಲ್ಲಿ ದೇವರು ಮಾಡಿದ ಉಪಕಾರವನ್ನು ಒಬ್ಬೊಬ್ಬರೂ ಒಂದೊಂದು ಹೇಳಬೇಕು. ಆಮೇಲೇ ಪಾತ್ರೆ ಪಗಡ ಹೊರಗೆ. "ಅಲ್ಲಿ ಕೈಬಿಡದೇ ಇದ್ದವನು ಇಲ್ಲಿ ಬಿಡ್ತಾನಾ? ಹೇಳಿ, ಬೇಗ ಹೇಳಿ, ಹಸಿವಾಗ್ತಿದೆ" ಎನ್ನುತ್ತಿದ್ದಳು. ಅಮ್ಮನ ಭಕ್ತಿಗೂ ಹಸಿವಿಗೂ ಯಾವತ್ತೂ ಜಗಳ ಬರಲಿಲ್ಲ.

ಕಲ್ಲಿದ್ದಲು ಡಿಪೋದ ಹಿಂದಿನ ಮನೆ ಬಿಟ್ಟಾಗ ನೀನು ಏನು ಹೇಳಿದೆ ನೆನಪಿದೆಯಾ? "ಪಕ್ಕದ್ಮನೆ ನಾಯಿ ಸತ್ತೋಯ್ತು" ಎಂದೆ. "ಅದು ಉಪಕಾರ ಅಲ್ಲ ಕಣೋ" ಎಂದಳು ಅಮ್ಮ. "ಅದು ಅಟ್ಟಿಸ್ಕೊಂಡು ಬರ್ತಿದ್ದದ್ದು ನಿನ್ನನ್ನಲ್ಲವಲ್ಲ" ಎಂದೆ ನೀನು. ಅಮ್ಮ ಗಂಟಿನಿಂದ ಜಾರಿ ಬೀಳುವಷ್ಟು ನಕ್ಕಳು. ರೈಲು ಹಳಿ ಪಕ್ಕದ ಮನೆಯಲ್ಲಿದ್ದಾಗ ಎದುರುಮನೆಯ ಮುದುಕಿ, ಗಡಗಡ ನಡುಗುತ್ತಲೇ, "ನಂಗೆ ಸೆಖೆ ಕಣಮ್ಮ, ಈ ಕಂಬಳಿ ನೀವೇ ಇಟ್ಕೊಳ್ಳಿ" ಎಂದು ಕೊಟ್ಟುಹೋದಳು. ಸೋರುವ ಮನೆಯಲ್ಲಿ ಎಲ್ಲ ಕಡೆ ಸೋರಿದರೂ ನಿನ್ನ ಹಾಸಿಗೆಯ ಮೂಲೆ ಮಾತ್ರ ಒಣಗಿಯೇ ಇತ್ತು. ಪ್ರೆಸ್ಸಿನ ಮೇಲಿನ ಮನೆಯಲ್ಲಿ, ಕೆಳಗೆ ಯಂತ್ರ ಓಡುವಾಗ ತಟ್ಟೆ ತಾನೇ ನಡೆದು ಹೋಗುತ್ತಿತ್ತಲ್ಲ, ಅಲ್ಲಿದ್ದಾಗ ನನಗೆ ಈ ಆಸ್ಪತ್ರೆಯ ಕೆಲಸ ಸಿಕ್ಕಿತು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳಬೇಡ. ನಿನಗೊಂದು ವಿಷಯ ಹೇಳುವುದಿದೆ. ಇವತ್ತು ಧೈರ್ಯ ಸಾಲದು, ಇನ್ನೊಮ್ಮೆ ಬರೆಯುತ್ತೇನೆ. ಪ್ರಾರ್ಥನೆ ಮಾಡುತ್ತೀ ತಾನೇ?

ನಿನ್ನ ಅಕ್ಕ


8 ಮಾರ್ಚ್ 1986

ಅಕ್ಕ,

ನಿನ್ನ ಪತ್ರ ಈಗಷ್ಟೇ ಬಂತು. ಜೀಪಿನವನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, ಆತ ಹಾರ್ನ್ ಹೊಡೆಯುತ್ತಿದ್ದಾನೆ.

ಏನಾಗಿದೆ ನಿನಗೆ? ಸುತ್ತಿ ಬಳಸಿ ಬರೆಯಬೇಡ. ನಾನೇನು ಚಿಕ್ಕ ಮಗುವಲ್ಲ. ಗಂಟು ಕಟ್ಟದೆ, ಮನೆ ಬದಲಾಯಿಸದೆ, ಕೂತಲ್ಲೇ ಹಳೇ ಮನೆಗಳ ಉಪಕಾರವನ್ನೆಲ್ಲ ಒಂದೊಂದಾಗಿ ಹೇಳಿದವಳು ನಮ್ಮ ಮನೆಯಲ್ಲಿ ಅಮ್ಮ ಒಬ್ಬಳೇ. ಅದೂ ಆಸ್ಪತ್ರೆಯ ಹಾಸಿಗೆಯಲ್ಲಿ. ಅವಳು ಒಂಬತ್ತೂ ಮನೆ ಮುಗಿಸಿದ ಮೂರನೆಯ ದಿನ ಏನಾಯಿತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಧೈರ್ಯ ಸಾಲದು ಎಂದು ಬೇರೆ ಬರೆದಿದ್ದೀಯ.

ನಿಮ್ಮ ಲಾಂಡ್ರಿ ವಿಭಾಗದ ಮೇಲ್ವಿಚಾರಕಿಗೆ ಬೇರೆ ಪತ್ರ ಹಾಕಿದ್ದೇನೆ. ಆಸ್ಪತ್ರೆಯೊಳಗೇ ಇದ್ದು ತೋರಿಸಿಕೊಳ್ಳದವಳು ನೀನು. ಬೈಯಬೇಡ.

ಪ್ರಾರ್ಥನೆ ಮಾಡುತ್ತಿದ್ದೇನೆ.

ಗಿಡ್ಡ


30 ಮಾರ್ಚ್ 1986

ಎಲೋ ಗಿಡ್ಡ,

ಆರಡಿ ಎರಡಂಗುಲ ಬೆಳೆದೆ, ಮೇಲಿನ ಆ ಎರಡಂಗುಲದಲ್ಲಿ ಏನು ತುಂಬಿಕೊಂಡಿದ್ದೀ? ಮೇಲ್ವಿಚಾರಕಿ ನಿನ್ನ ಪತ್ರ ಓದಿ ಕಣ್ಣಲ್ಲಿ ನೀರು ತಂದುಕೊಂಡು ಕೆಳಗೆ ಬಂದಳು. ನಾನು ದಿಂಬಿನ ಚೀಲ ಹೊಲಿಯುತ್ತಿದ್ದವಳು ಹೊಲಿಯುತ್ತಿದ್ದಂತೆಯೇ ಎದ್ದು ಅವಳ ಹಿಂದೆ ಹೋಗಬೇಕಾಯಿತು. ಮೂರು ಸೀಸೆ ರಕ್ತ ತೆಗೆದರು. ಎದೆಯ ಫೋಟೋ ತೆಗೆದರು. ಕಣ್ಣಿಗೆ ದೀಪ ಬಿಟ್ಟರು. ಒಂದು ವಾರ ಇಡೀ ಲಾಂಡ್ರಿ ನನ್ನ ಹತ್ತಿರ ಪಿಸುಮಾತಿನಲ್ಲಿ ಮಾತಾಡಿತು. ಇಸ್ತ್ರಿ ಮಾಡುವವಳಂತೂ, ಹದಿನೈದು ವರ್ಷದಿಂದ ನನ್ನ ಕತ್ತರಿ ಕದ್ದು ಕದ್ದು ಇಟ್ಟುಕೊಂಡವಳು, ಏಳು ಕತ್ತರಿ ತಂದು ಮೇಜಿನ ಮೇಲಿಟ್ಟು, "ಮನಸ್ಸಲ್ಲಿ ಏನೂ ಇಟ್ಕೋಬೇಡಿ ಅಕ್ಕ" ಎಂದಳು. ಅಷ್ಟೊಂದು ಲಾಭವಾಯಿತು ನಿನ್ನಿಂದ. ವರದಿ ಬಂದಿದೆ. ಮೊಣಕಾಲು ಸವೆದಿದೆ, ಬೇರೇನೂ ಇಲ್ಲ.

ನನಗೆ ಬಂದಿರುವುದು ರೋಗವಲ್ಲ ಕಣೋ, ಸಂಬಂಧ. ಐವತ್ಮೂರನೆಯ ವಯಸ್ಸಿನಲ್ಲಿ. ನಗು. ನಕ್ಕು ಮುಗಿಸಿ ಮುಂದೆ ಓದು.

ಆಸ್ಪತ್ರೆಯ ಗೋಡೆ ಗಡಿಯಾರಗಳಿಗೆ ಕೀಲಿ ಕೊಡಲು ವಾರಕ್ಕೊಮ್ಮೆ ಬರುವವರೊಬ್ಬರು ಇದ್ದಾರೆ, ಗಡಿಯಾರದವರು ಎಂದೇ ಎಲ್ಲರೂ ಕರೆಯುವುದು. ಹೆಂಡತಿ ಹೋಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ನನಗಿಂತ ಆರು ವರ್ಷ ದೊಡ್ಡವರು. ಎಂಟು ವರ್ಷದಿಂದ ಪ್ರತಿ ಗುರುವಾರ ನಮ್ಮ ಕೋಣೆಯ ಗಡಿಯಾರ ನೋಡಿ, "ಎರಡು ನಿಮಿಷ ಮುಂದಿದೆ" ಎನ್ನುತ್ತಾರೆ, "ಇರಲಿ ಬಿಡಿ, ಬೇಗ ಮನೆಗೆ ಹೋಗ್ಬಹುದು" ಎನ್ನುತ್ತೇನೆ. ಇಷ್ಟೇ ನಮ್ಮ ಸ್ನೇಹ. ಫೆಬ್ರವರಿಯಲ್ಲಿ ಒಂದು ಗುರುವಾರ ಅಂಗಿಯ ತೋಳು ಹರಿದುಕೊಂಡು ಬಂದರು. ಹೊಲಿದುಕೊಡುವಾಗ ಹೇಳಿದರು, ಬಂದರಿನ ಊರಿನಲ್ಲಿ ಅಣ್ಣನ ಗಡಿಯಾರದ ಅಂಗಡಿಯಿತ್ತಂತೆ, ಅಣ್ಣ ತೀರಿಕೊಂಡ ಮೇಲೆ ಇವರೇ ಹೋಗಿ ನಡೆಸಬೇಕಂತೆ, ಮೇ ತಿಂಗಳಲ್ಲಿ ಹೊರಡುತ್ತಾರಂತೆ. ಒಳ್ಳೇದಾಗಲಿ ಎಂದೆ. ಅವರು ತೋಳನ್ನೇ ನೋಡುತ್ತಾ, "ಆ ಊರಲ್ಲಿ ನನ್ನ ಪರಿಚಯದವರು ಅಂತ ಯಾರೂ ಇಲ್ಲ. ನೀವು ಬಂದ್ರೆ ಒಬ್ಬರಾದರೂ ಇರ್ತಾರೆ" ಎಂದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಸೂಜಿ ಚುಚ್ಚಿಬಿಟ್ಟೆ, ಪಾಪ, ಅವರ ಕೈಗೆ.

ಅಂಗಡಿಯ ಹಿಂದೆ ಒಂದೇ ಕೋಣೆ ಇದೆಯಂತೆ, ಒಬ್ಬರಿಗೆ ಸಾಕು. ಅಂಗಡಿಯ ಮೇಲೆ ಎರಡು ಕೋಣೆಯ ಮನೆ ಖಾಲಿ ಇದೆ. ಯಾವುದು ಬೇಕೆಂದು ಕಟ್ಟಡದ ಯಜಮಾನಿಗೆ ಏಪ್ರಿಲ್ ಇಪ್ಪತ್ತೈದರೊಳಗೆ ಹೇಳಬೇಕು. ಅಷ್ಟರೊಳಗೆ ನಾನು ಹೂಂ ಅನ್ನಬೇಕು, ಇಲ್ಲವೇ ಊಹೂಂ.

ಹಿಂದೆಲ್ಲ ನನಗೆ ಪುರುಸೊತ್ತಿರಲಿಲ್ಲ ನಿನಗೆ ಗೊತ್ತಲ್ಲ. ಮೊದಲು ನಿನ್ನ ಓದು, ಆಮೇಲೆ ಅಮ್ಮನ ಕಾಯಿಲೆ, ಆಮೇಲೆ ಅದೇ ಅಭ್ಯಾಸವಾಯಿತು. ಕಷ್ಟ ಬಂದಾಗ ದೇವರನ್ನು ನಂಬುವುದು ನನಗೆ ಗೊತ್ತು ಗಿಡ್ಡ, ಒಂಬತ್ತು ಮನೆಯಲ್ಲಿ ಕಲಿತಿದ್ದೇನೆ. ಯಾರೂ ಅಟ್ಟದೆ, ಯಾವ ತೊಂದರೆಯೂ ಇಲ್ಲದೆ, ಸುಮ್ಮನೆ ಸಂತೋಷಕ್ಕೆಂದು ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುವುದು ಹೇಗೆಂದು ಅಮ್ಮ ಕಲಿಸಲೇ ಇಲ್ಲ. ಅವಳಿಗೂ ಗೊತ್ತಿರಲಿಲ್ಲ. ಅದಕ್ಕೇ ಹಳೇ ಮನೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡುತ್ತಿದ್ದೆ, ಎಲ್ಲಾದರೂ ಧೈರ್ಯ ಸಿಕ್ಕೀತೇನೋ ಎಂದು. ನೀನು ನೋಡಿದರೆ ಮೂರು ಸೀಸೆ ರಕ್ತ ತೆಗೆಸಿದೆ.

ಈಗ ನೀನು ಹೇಳು. ಹೋಗು ಎಂದರೆ ಹೋಗುತ್ತೇನೆ, ಬೇಡ ಎಂದರೆ ಇಲ್ಲೇ ಇರುತ್ತೇನೆ. ನಿನ್ನನ್ನು ಕೇಳದೆ ಒಂದು ಬಕೆಟ್ ಕೂಡ ಕೊಂಡವಳಲ್ಲ ನಾನು.

ಅಕ್ಕ


12 ಏಪ್ರಿಲ್ 1986

ಅಕ್ಕ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆರೋಗ್ಯವಾಗಿದ್ದೀಯ ಎಂದು ತಿಳಿದು ಸಮಾಧಾನವಾಯಿತು.

ಕೇಳಿದ್ದೀಯ, ಹಾಗಾಗಿ ಹೇಳುತ್ತೇನೆ. ಬೇಡ.

ಆ ಮನುಷ್ಯರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಒಳ್ಳೆಯವರೇ ಇರಬಹುದು. ಆದರೆ ವಾರಕ್ಕೆ ಒಂದು ಮಾತು, ಅದೂ ಎರಡು ನಿಮಿಷದ ವಿಷಯ, ಅದರ ಮೇಲೆ ಜೀವನ ಕಟ್ಟಲು ಆಗುತ್ತದೆಯೇ? ಸಮುದ್ರದ ಗಾಳಿ ನಿನ್ನ ಮೊಣಕಾಲಿಗೆ ಒಗ್ಗುವುದಿಲ್ಲ. ಹೊಸ ಊರು, ಗುರುತಿಲ್ಲದ ಬೀದಿ. ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋಗಬೇಕು. ಈ ವಯಸ್ಸಿನಲ್ಲಿ ಯಾಕೆ?

ಎಂಟು ಮನೆ ಅಲೆದ ಮೇಲೆ ಒಂಬತ್ತನೆಯದರಲ್ಲಿ ದೇವರು ನಿನ್ನನ್ನು ನೆಲೆ ನಿಲ್ಲಿಸಿದ. ಇಪ್ಪತ್ತೈದು ವರ್ಷವಾಯಿತು ಆ ಎರಡು ಕೋಣೆಯಲ್ಲಿ. ಕೊಟ್ಟ ಜಾಗ ಬಿಟ್ಟು ಹೋಗುವುದು ನಂಬಿಕೆಯೋ, ಚಪಲವೋ, ನೀನೇ ಯೋಚಿಸು. ಅಮ್ಮ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದಳು.

ಸಪ್ಟೆಂಬರಿನಲ್ಲಿ ರಜೆ ಸಿಗುತ್ತದೆ. ಎಂದಿನಂತೆ ಮನೆಗೆ ಬರುತ್ತೇನೆ.

ಗಿಡ್ಡ


16 ಏಪ್ರಿಲ್ 1986

ಅಕ್ಕ,

ಹನ್ನೆರಡನೆಯ ತಾರೀಕಿನ ಪತ್ರ ಓದಬೇಡ. ಓದಿದ್ದರೆ ಹರಿದು ಹಾಕು.

ಅದನ್ನು ವಾಪಸ್ ತೆಗೆಯಲು ನೋಡಿದೆ. ಟಪಾಲಿನ ಚೀಲ ನಮ್ಮ ಕ್ಯಾಂಪಿನ ಅಡುಗೆಯವನ ಹತ್ತಿರ ಇರುತ್ತದೆ. ಆತ ಬೀಗ ತೋರಿಸಿ, "ಕೀಲಿ ಕೆಳಗೆ ಪೋಸ್ಟಾಫೀಸಲ್ಲಿದೆ ಸಾರ್. ನಾನೇನು ಹಲ್ಲಲ್ಲಿ ಬಿಚ್ಚಲಾ?" ಎಂದ. ಚೀಲದ ಬಾಯಿಯ ಸಂದಿಯಿಂದ ಹಾಕಬಹುದು, ತೆಗೆಯಲಾಗದು. ಸರ್ವೆಯ ಕೋಲಿನ ತುದಿಗೆ ಅಂಟು ಹಚ್ಚಿಯೂ ನೋಡಿದೆ, ಯಾರದೋ ಮದುವೆಯ ಕಾಗದ ಅಂಟಿಕೊಂಡು ಬಂತು. ನಾಳೆ ಜೀಪು ಬರುತ್ತದೆ, ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ದಿನದಿಂದ ಅಳತೆಯೆಲ್ಲ ತಪ್ಪುತ್ತಿದೆ. ಅಮ್ಮ ಇದನ್ನೇ ಹೇಳುತ್ತಿದ್ದಳು ಎಂದು ಬರೆದೆನಲ್ಲ, ಅದು ಶುದ್ಧ ಸುಳ್ಳು. ಅಮ್ಮ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದಳು. ನಿನ್ನ ಮೊಣಕಾಲಿನ ಚಿಂತೆಯೂ ಸುಳ್ಳು. ನನಗೆ ನನ್ನದೇ ಚಿಂತೆ. ನೀನು ಹೊರಟುಹೋದರೆ ಸಪ್ಟೆಂಬರಿನಲ್ಲಿ ನಾನು ಯಾರ ಮನೆಗೆ ಬರಲಿ? ನಲವತ್ನಾಲ್ಕು ವರ್ಷದ ಗಂಡಸು ಡೇರೆಯಲ್ಲಿ ಕೂತು ಇದನ್ನು ಕೇಳುತ್ತಿದ್ದಾನೆ, ನಾಚಿಕೆಯಾಗುತ್ತದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನನ್ನವಳು ಹೋಗಿ ಐದು ವರ್ಷವಾಯಿತು. ಆ ದಿನದಿಂದ ನಾನು ಪ್ರಾರ್ಥನೆ ಮಾಡಿಲ್ಲ ಅಕ್ಕ. ಒಂದು ಸಲವೂ ಇಲ್ಲ. ಪ್ರತಿ ಪತ್ರದಲ್ಲೂ ನೀನು ಕೇಳುತ್ತೀ, ಹೂಂ ಎಂದು ಬರೆಯುತ್ತೇನೆ. ಅವಳಿಗಾಗಿ ಅಷ್ಟು ಬೇಡಿದ ಮೇಲೆ ಬಾಯಿ ಕಟ್ಟಿಹೋಯಿತು. ಆದರೆ ಪೂರ್ತಿ ಕಳೆದುಕೊಂಡೆ ಅಂತಲೂ ಅನಿಸಲಿಲ್ಲ. ಯಾಕೆಂದರೆ ನೀನಿದ್ದೆ. ಅಕ್ಕ ನಂಬುತ್ತಾಳಲ್ಲ, ಅದರಲ್ಲೇ ನನಗೂ ಒಂದು ಪಾಲು ಇರುತ್ತದೆ ಎಂದುಕೊಂಡೆ. ಏಳನೆಯ ವಯಸ್ಸಿನಲ್ಲಿ ನನಗೆ ಆ ಜ್ವರ ಬಂದಾಗ ನೀನು ಹಾಸಿಗೆಯ ಬುಡದಲ್ಲಿ ಕೂತು ಪ್ರಾರ್ಥನೆ ಮಾಡಿದ್ದಕ್ಕೇ ನಾನು ಉಳಿದೆ ಎಂದು ಅಮ್ಮ ಎಷ್ಟು ಸಲ ಹೇಳಿದ್ದಾಳೆ. ಇವತ್ತಿಗೂ ನಾನು ಅಲ್ಲೇ ಮಲಗಿದ್ದೇನೆ, ನೀನು ಕೂತಿದ್ದೀಯ, ಏಳಬಾರದು, ಹೀಗೆ ಏನೋ ಒಂದು ಮೂರ್ಖತನ ನನ್ನೊಳಗಿದೆ.

ಹೋಗು ಅಕ್ಕ. ಎಂಟು ವರ್ಷ ಅದೇ ಎರಡು ನಿಮಿಷವನ್ನು ಸರಿ ಮಾಡದೆ ಬಿಟ್ಟರಲ್ಲ, ಅವರು ಒಳ್ಳೆಯವರೇ ಇರಬೇಕು.

ನಿನ್ನ ಗಿಡ್ಡ


24 ಏಪ್ರಿಲ್ 1986

ನನ್ನ ಗಿಡ್ಡನಿಗೆ,

ಮೊನ್ನೆ ಎರಡು ಲಕೋಟೆ ಒಟ್ಟಿಗೆ ಬಂದವು. ಎಂಟು ಸಾಲಿನ ಗಿರಾಕಿ ಎರಡು ಪತ್ರ ಹಾಕಿದ್ದಾನೆ ಎಂದರೆ ಒಂದರಲ್ಲಿ ಬೇಡ ಎಂದಿದ್ದಾನೆ, ಇನ್ನೊಂದರಲ್ಲಿ ಅದಕ್ಕೆ ಸಂಕಟಪಟ್ಟಿದ್ದಾನೆ. ನಿನ್ನ ಮೂಗು ಒರೆಸಿ ಬೆಳೆಸಿದವಳಿಗೆ ಅಷ್ಟೂ ತಿಳಿಯದೇ? ಒಡೆಯಲಿಲ್ಲ. ಎರಡನ್ನೂ ಹೊಲಿಗೆ ಮಿಷನ್ನಿನ ಖಾನೆಗೆ ಹಾಕಿ ಮುಚ್ಚಿದೆ.

ನೀನು ಹೇಳಿದಂತೆ ಮಾಡುತ್ತೇನೆ ಎಂದು ಬರೆದವಳು ನಾನೇ, ಹೌದು. ಬರೆಯುವಾಗ ವಿನಯ ಎಂದುಕೊಂಡಿದ್ದೆ. ಲಕೋಟೆ ಕೈಗೆ ಬಂದಾಗ ಗೊತ್ತಾಯಿತು, ಅದು ಪುಕ್ಕಲುತನ. ನೀನು ಹೋಗು ಎಂದೆಯೆಂದು ಹೋದರೆ, ನಾಳೆ ಅಲ್ಲಿ ಹಾಲು ಒಡೆದರೂ ನಿನ್ನ ತಲೆಗೆ ಕಟ್ಟುತ್ತೇನೆ. ನೀನು ಬೇಡ ಎಂದೆಯೆಂದು ಉಳಿದರೆ, ಸಾಯುವವರೆಗೆ ಮುಖ ಊದಿಸಿಕೊಂಡು ನಿನಗೆ ಊಟ ಬಡಿಸುತ್ತೇನೆ. ದೇವರನ್ನು ಕೇಳಬೇಕಾದದ್ದನ್ನು ತಮ್ಮನನ್ನು ಕೇಳಿ ಕೂತಿದ್ದೆ.

ಇವತ್ತು ಬೆಳಗಿನ ಚಹಾದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಬಾಗಿಲು ಹಾಕಿಕೊಂಡೆ. "ದೇವರೇ, ನೀನು ಕಷ್ಟ ಕೊಟ್ಟಾಗಲೆಲ್ಲ ನಾನು ತಕರಾರಿಲ್ಲದೆ ನಂಬಿದ್ದೀನಿ. ಸುಖ ಕೊಡ್ತೀನಿ ಅಂದ್ರೆ ಮಾತ್ರ ಅನುಮಾನ ಬರ್ತಿದೆ. ನನ್ನದೇ ತಪ್ಪು, ಆದರೂ ಕೇಳ್ತೀನಿ, ಇದೂ ನೀನೇ ತಾನೇ?" ಎಂದೆ. ಉತ್ತರವೇನೂ ಬರಲಿಲ್ಲ. ಆಂಬ್ಯುಲೆನ್ಸ್ ಒಂದು ಹಿಂದೆ ಹಿಂದೆ ಬಂದು ನಿಂತಿತು, ಅಷ್ಟೇ. ಮತ್ತೂ ಕಾದೆ. ಹಳೇ ಮನೆಗಳಲ್ಲೂ ಯಾವ ಉತ್ತರ ಬಂದಿತ್ತು? ಗಂಟು ಹೊತ್ತುಕೊಂಡು ನಡೆದಿದ್ದೆವು, ಉಪಕಾರ ಕಂಡದ್ದೆಲ್ಲ ಆಮೇಲೆ.

ಅಲ್ಲಿಂದ ಎದ್ದು ಹೊರರೋಗಿಗಳ ಪಡಸಾಲೆಗೆ ಹೋದೆ. ಗಡಿಯಾರದವರು ಏಣಿ ಹತ್ತಿ ದೊಡ್ಡ ಗಡಿಯಾರದ ಮುಖ ತೆಗೆದು ಕೈಯಲ್ಲಿ ಹಿಡಿದಿದ್ದರು. ಕೆಳಗೆ ಬೆಂಚಿನ ತುಂಬ ರೋಗಿಗಳು. "ಮೇಲಿನ ಮನೇನೇ ತಗೊಳ್ಳಿ" ಎಂದೆ. ಅವರಿಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದರು. ಇನ್ನೂ ಜೋರಾಗಿ ಹೇಳಬೇಕಾಯಿತು. ಬೆಂಚಿನ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಹೆಂಗಸು, "ಮೇಲಿನ ಮನೆ ಬೇಕಂತೆ ಸ್ವಾಮಿ" ಎಂದು ಅವರಿಗೆ ಕೂಗಿ ಹೇಳಿದಳು. ಅವರು ಇಳಿದು ಬಂದು ಆ ಗಾಜಿನ ಮುಖವನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಿಂದ ಕಣ್ಣು ಒರೆಸಿಕೊಂಡರು. ಗಡಿಯಾರ ಹತ್ತು ಇಪ್ಪತ್ತಕ್ಕೇ ನಿಂತುಬಿಟ್ಟಿತ್ತು. ಮಧ್ಯಾಹ್ನ ಎರಡು ಗಂಟೆಗೆ ದೊಡ್ಡ ಡಾಕ್ಟರು ಬಂದು ಬೈದ ಮೇಲೇ ಇಬ್ಬರಿಗೂ ನೆನಪಾದದ್ದು.

ಸಂಜೆ ಮನೆಗೆ ಬಂದು ನಿನ್ನ ಪತ್ರಗಳನ್ನು ಓದಿದೆ. ಮೊದಲನೆಯದನ್ನು ಓದಿ ನಗು ಬಂತು. ಮೂರು ವರ್ಷದಿಂದ ನನ್ನ ಮೊಣಕಾಲು ಹೇಗಿದೆ ಎಂದು ಕೇಳದವನು ಸಮುದ್ರದ ಗಾಳಿಯವರೆಗೂ ಹೋದೆಯಲ್ಲ. ಎರಡನೆಯದನ್ನು ಓದಿ ಅತ್ತೆ. ಸುಳ್ಳು ಹೇಳಿದ್ದಕ್ಕಲ್ಲ ಕಣೋ, ಐದು ವರ್ಷ ಅದನ್ನು ಒಬ್ಬನೇ ಹೊತ್ತುಕೊಂಡಿದ್ದಕ್ಕೆ. ಪ್ರಾರ್ಥನೆ ಮಾಡುತ್ತೀ ತಾನೇ ಎಂದು ಕೇಳುವುದಕ್ಕೆ ಬದಲು ಹೇಗಿದ್ದೀ ಎಂದು ನಾನು ಕೇಳಬೇಕಿತ್ತು.

ನನ್ನದೂ ಒಂದಿದೆ, ಅಮ್ಮನಿಗೂ ಹೇಳದೇ ಇದ್ದದ್ದು. ಆ ಜ್ವರದ ದಿನ ಮಧ್ಯಾಹ್ನ ಅಮ್ಮ ಔಷಧಿ ತರಲು ಓಡಿದಳು, "ನೀನು ಪ್ರಾರ್ಥನೆ ಮಾಡ್ತಾ ಇರು" ಎಂದು ನನ್ನನ್ನು ಕೂರಿಸಿ. ನನಗೆ ಹದಿನಾರು ವರ್ಷ. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಎರಡು ಮಾತು ಹೇಳಿದೆ, ಮೂರನೆಯದು ಬರಲಿಲ್ಲ. ಅಷ್ಟು ಹೆದರಿದ್ದೆ, ಇವನು ಹೋಗಿಯೇಬಿಡುತ್ತಾನೆ ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಹಾಗೇ ನಿನ್ನ ಕಾಲಿನ ಹತ್ತಿರ ತಲೆಯಿಟ್ಟು ನಿದ್ದೆ ಹೋದೆ. ಎಚ್ಚರವಾದದ್ದು ನೀನು ಒದ್ದಾಗ. ಮೈಯೆಲ್ಲ ಬೆವೆತು, ನೀರು ಬೇಕು ಎಂದು ಒದೆಯುತ್ತಿದ್ದೆ. ಅಷ್ಟರಲ್ಲಿ ಅಮ್ಮ ಬಂದು, "ನೋಡು, ನಿನ್ನ ಪ್ರಾರ್ಥನೆ!" ಎಂದು ನನ್ನನ್ನು ತಬ್ಬಿಕೊಂಡಳು. ಹೌದು ಎಂದೆ. ಮೂವತ್ತೇಳು ವರ್ಷದಿಂದ ಹೌದು ಅನ್ನುತ್ತಲೇ ಇದ್ದೇನೆ.

ನನ್ನ ನಂಬಿಕೆಯಿಂದ ನೀನು ಉಳಿದದ್ದಲ್ಲ ಗಿಡ್ಡ. ನಾನು ಗೊರಕೆ ಹೊಡೆಯುತ್ತಿದ್ದೆ. ಎಚ್ಚರವಾಗಿದ್ದು ನಿನ್ನನ್ನು ಕಾದವನು ಬೇರೆ. ನಿನ್ನವಳನ್ನು ಯಾಕೆ ಉಳಿಸಲಿಲ್ಲ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಗೊತ್ತಿರುವ ಹಾಗೆ ನಟಿಸುವುದೂ ಇಲ್ಲ. ಆದರೆ ನಾನು ಎದ್ದು ಹೋದರೆ ನಿನ್ನ ಹಾಸಿಗೆಯ ಹತ್ತಿರ ಯಾರೂ ಇರುವುದಿಲ್ಲ ಎಂದು ಮಾತ್ರ ಅಂದುಕೊಳ್ಳಬೇಡ. ಬಾಯಿ ಕಟ್ಟಿದ್ದರೆ ಕಟ್ಟಿರಲಿ. ಆತನಿಗೆ ನಿನ್ನ ಗುರುತು ನನ್ನಿಂದ ಆದದ್ದಲ್ಲ.

ಸಪ್ಟೆಂಬರಿನಲ್ಲಿ ಎಲ್ಲಿಗೆ ಬರಬೇಕೆಂದು ಕೇಳಿದ್ದೀಯ. ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಎರಡನೆಯ ಕೋಣೆಗೆ ಮಂಚ ಮಾಡಿಸಬೇಕು, ತಮ್ಮ ಎಷ್ಟು ಎತ್ತರ ಎಂದು ಗಡಿಯಾರದವರು ಕೇಳಿದರು. ಗಿಡ್ಡ ಎಂದು ಕರೆಯುವುದನ್ನು ಕೇಳಿಕೊಂಡು ನಾಲ್ಕೂವರೆ ಅಡಿ ಬರೆದುಕೊಂಡಿದ್ದರು, ಹೊಡೆದು ಹಾಕಿಸಿದೆ.

ಮೇ ಹತ್ತಕ್ಕೆ ಬೆಳಗ್ಗೆ ಹನ್ನೊಂದಕ್ಕೆ ರಿಜಿಸ್ಟರ್ ಕಚೇರಿಯಲ್ಲಿ ಸಹಿ. ಹನ್ನೆರಡಕ್ಕೆ ಊರು ಬಿಡುತ್ತೇವೆ. ಈ ಪತ್ರ ಏಪ್ರಿಲ್ ಇಪ್ಪತ್ತೇಳರ ಜೀಪಿಗೆ ಸಿಕ್ಕರೆ ನೀನು ಮೇ ಏಳರ ಜೀಪಿನಲ್ಲಿ ಇಳಿಯಬಹುದು. ಹೆದರಿಕೆ ಹೋಗಿಲ್ಲ. ಇವತ್ತು ಮಧ್ಯಾಹ್ನವೂ ಎರಡು ಸಲ ದಿಂಬಿನ ಚೀಲದ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟೆ. ನೀನು ಬಂದರೆ ಸಾಕ್ಷಿಯ ಸಹಿ ನಿನ್ನದು. ಬರಲು ಆಗದಿದ್ದರೆ ಮೇಲ್ವಿಚಾರಕಿ ಹಾಕುತ್ತಾಳೆ. ನಾನಂತೂ ಹೋಗುತ್ತೇನೆ.

ಅಕ್ಕ